ಅಳಿಯ ಮುನಿಸಿಕೊಂಡ ಶನಿವಾರ

ಮಂಗಳವಾರ, ೧೭ ನವೆಂಬರ್

ಡಾಕ್ಟ್ರಮ್ಮನಿಗೆ,

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್ ಎಂದು ನೀನು ಹನ್ನೊಂದು ವರ್ಷ ನನ್ನನ್ನು ತಿದ್ದಿದ್ದೀಯ. ಬೇರೆ ಹೇಗೆ ಕರೆಯುವುದೆಂದು ತೋಚದೆ ಹಳೆಯದನ್ನೇ ಬರೆದಿದ್ದೇನೆ.

ನಿನ್ನೆ ಸಂಜೆ ನಿನ್ನ ತಮ್ಮ ಫೋನ್ ಮಾಡಿದ್ದ. ದಾರಿಯಲ್ಲಿ ಹಿಡಿಯಬೇಕಿದ್ದ ಇನ್ನೊಂದು ವಿಮಾನ ತಪ್ಪಿಹೋಗಿ, ಅಕ್ಕ ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಸೂಟ್‌ಕೇಸ್ ಎಳೆದುಕೊಂಡೇ ಆಸ್ಪತ್ರೆಗೆ ಹೋಗಿ ಕೆಲಸಕ್ಕೆ ಸೇರಿದಳಂತೆ ಎಂದ. ಸೋಮವಾರ ಒಂಬತ್ತರೊಳಗೆ ಹಾಜರಾಗದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಗಿಬಿಡುತ್ತಿತ್ತು ಎಂದೂ ಅವನೇ ಹೇಳಿದ. ಕೇಳಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎದ್ದಾಗ ಒಲೆಯ ಮೇಲಿಟ್ಟ ಹಾಲು ಪೂರ್ತಿ ಉಕ್ಕಿ ಹೋಗಿತ್ತು. ಇರಲಿ, ನೀನು ತಲುಪಿದೆಯಲ್ಲ, ಅಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹೊರಡಬೇಕಿದ್ದ ನಿನ್ನ ವಿಮಾನ ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ ಹೊರಟಿತು. ಅದನ್ನು ಹಿಡಿದಿಟ್ಟವನು ನಾನು. ಅವತ್ತು ಅದು ಹಾರಬಹುದೆಂದು ಸಹಿ ಹಾಕಬೇಕಿದ್ದ ಇಂಜಿನಿಯರ್ ನಾನೇ. ನೀನು ಹೋಗುವುದನ್ನು ತಡೆಯಲು ಹಾಗೆ ಮಾಡಿದೆ ಎಂದು ನೀನು ತಿಳಿದುಕೊಳ್ಳಬಾರದು ಎಂಬುದಕ್ಕೆ ಈ ಪತ್ರ.

ನಮ್ಮ ಆರು ಹೊಸ ವಿಮಾನಗಳ ಕಥೆ ನಿನಗೆ ಗೊತ್ತೇ ಇದೆ. ಅವು ಬಂದು ಹದಿನಾಲ್ಕು ತಿಂಗಳಾದವು. ಮೊದಲ ಏಳು ತಿಂಗಳು ನೀನಿನ್ನೂ ಈ ಮನೆ ಬಿಟ್ಟು ಹೋಗಿರಲಿಲ್ಲ. ನಾವು ಅವಕ್ಕೆ ಅಳಿಯಂದಿರು ಎಂದು ಹೆಸರಿಟ್ಟಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನೋಡಲು ಚೆಂದ, ಬಂದ ಕೂಡಲೇ ಎಲ್ಲರೂ ಎದ್ದು ಓಡಾಡಬೇಕು, ಯಾವುದಕ್ಕೆ ಮುನಿಸಿಕೊಂಡ ಎಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ತೇವ ಹೆಚ್ಚಾದರೆ ಪರದೆಯ ಮೇಲೆ ಒಂದು ಎಚ್ಚರಿಕೆ, ಸೆಕೆ ಹೆಚ್ಚಾದರೆ ಇನ್ನೊಂದು. ಹತ್ತರಲ್ಲಿ ಒಂಬತ್ತು ಸುಳ್ಳು. ಮದ್ದೂ ಒಂದೇ: ಇಡೀ ವಿಮಾನದ ವಿದ್ಯುತ್ ಆರಿಸಿ, ಐದು ನಿಮಿಷ ಕಾದು, ಮತ್ತೆ ಹಾಕುವುದು. ಮಲಗಿಸಿ ಎಬ್ಬಿಸುವುದು ಎನ್ನುತ್ತೇವೆ. ಎದ್ದ ಮೇಲೆ ಎಚ್ಚರಿಕೆ ಮಾಯವಾಗಿ, ಪರೀಕ್ಷೆ ಪಾಸಾದರೆ ಸಹಿ ಹಾಕಬಹುದು. ನಿಯಮವೇ ಹಾಗಿದೆ.

ಶನಿವಾರ ಬಂದದ್ದು, ಎಡ ರೆಕ್ಕೆಯ ಬುಡದಲ್ಲಿ ಬಿಸಿಗಾಳಿಯ ಕೊಳವೆ ಸೋರುತ್ತಿದೆ ಎಂಬ ಎಚ್ಚರಿಕೆ. ಮಲಗಿಸಿ ಎಬ್ಬಿಸಿದೆವು. ದೀಪ, ಗಾಳಿ ಎಲ್ಲ ನಿಂತು ನೀವೆಲ್ಲ ಬೆವರುತ್ತಾ ಕೂತ ಐದು ನಿಮಿಷ ಅದೇ. ಎಚ್ಚರಿಕೆ ಹೋಯಿತು. ಪರೀಕ್ಷೆಯೂ ಪಾಸಾಯಿತು. ಲಾಗ್ ಪುಸ್ತಕ ತೊಡೆಯ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಕ್ಯಾಪ್ಟನ್ ಕೈಗಡಿಯಾರ ನೋಡಿಕೊಂಡು, "ಹಾಕ್ಬಿಡಿ ಸಾರ್, ಈಗ ಹೊರಟ್ರೆ ದಾರೀಲಿ ಸರಿದೂಗಿಸ್ಕೋತೀನಿ" ಎಂದರು. ನಾನು ಪೆನ್ನಿಗೆ ಮುಚ್ಚಳ ಹಾಕಿ, ಫಲಕ ತೆಗೆದು ನೋಡಬೇಕು ಎಂದೆ.

ಫಲಕ ತೆಗೆಯುವುದೆಂದರೆ ಅರವತ್ತೆರಡು ಸ್ಕ್ರೂ. ಅದಕ್ಕೆ ಮೊದಲು ಇನ್ನೂರ ಎಂಬತ್ತಾರು ಜನರನ್ನು ಕೆಳಗಿಳಿಸಬೇಕು. ನಮ್ಮ ಶಿಫ್ಟ್ ಇನ್‌ಚಾರ್ಜ್ ಏಣಿಯ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ನೀನು ಅದರಲ್ಲಿದ್ದೀಯ ಎಂದು ನಿನ್ನ ತಮ್ಮನಿಂದ ತಿಳಿದಿತ್ತು, ಬೆಳಿಗ್ಗೆ ಟೀ ಕುಡಿಯುವಾಗ ನಾನೇ ಬಾಯಿಬಿಟ್ಟಿದ್ದೆ. "ಏನಪ್ಪಾ, ಹೆಂಡ್ತಿ ಹೋಗ್ತಾಳೆ ಅಂತ ಅಳಿಯನ್ನ ಹಿಡ್ಕೊಂಡು ಕೂತ್ಯಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲೋ!" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಏನೂ ಸಿಗದಿದ್ದರೆ ಈ ಜನ್ಮದಲ್ಲಿ ಇವರ ಬಾಯಿಂದ ಪಾರಾಗುವಂತಿಲ್ಲ ಎಂದುಕೊಂಡು ಸ್ಕ್ರೂ ತಿರುಗಿಸುತ್ತಾ ಹೋದೆ.

ಸಿಕ್ಕಿತು. ಕೊಳವೆಯ ಎರಡು ತುಂಡುಗಳನ್ನು ಹಿಡಿದಿಡುವ ಕ್ಲಾಂಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಪಕ್ಕದಲ್ಲಿ ಹಾದುಹೋಗುವ ತಂತಿಗಳ ಹೊದಿಕೆ ಅಂಗೈ ಅಗಲ ಕಂದು ತಿರುಗಿತ್ತು, ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಬಟ್ಟೆಯ ಹಾಗೆ. ನನಗೆ ಮೊದಲು ಆದದ್ದು ಸಮಾಧಾನ. ಸದ್ಯ, ಮಾನ ಉಳಿಯಿತು ಎಂದು. ಅದು ಎಂಥ ಸಮಾಧಾನ ಎಂದು ಹೊಳೆದಾಗ ಏಣಿ ಇಳಿದುಬಿಟ್ಟೆ. ಇನ್‌ಚಾರ್ಜ್ ಹತ್ತಿ ಹೋಗಿ, ಟಾರ್ಚ್ ಬಿಟ್ಟು ನೋಡಿ, ಇಳಿದು ಬಂದು, "ಹೋಗು, ಟೀ ಕುಡ್ಕೊಂಡು ಬಾ. ಇದನ್ನ ನಾನ್ ನೋಡ್ಕೋತೀನಿ" ಎಂದರು. ಬಿರುಕು ಬಿಟ್ಟ ಕ್ಲಾಂಪನ್ನು ಅವರೇ ಬಿಚ್ಚಿ ತೆಗೆದರು. ಉಗ್ರಾಣದಲ್ಲಿ ಆ ಕ್ಲಾಂಪ್ ಇರಲಿಲ್ಲ. ಹ್ಯಾಂಗರಿನಲ್ಲಿ ನಿಂತಿದ್ದ ಇನ್ನೊಬ್ಬ ಅಳಿಯನಿಂದ ಕಳಚಿ ತಂದು ಹಾಕಿದೆವು. ಹೊತ್ತು ಹೋದದ್ದು ಅದಕ್ಕೆ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ಅದೇ ವಿಮಾನ ಗುರುವಾರವೂ ಅದೇ ಎಚ್ಚರಿಕೆ ಕೊಟ್ಟಿತ್ತು. ಅವತ್ತೂ ನಾನೇ ಇದ್ದೆ. ಮಲಗಿಸಿದೆ, ಎಬ್ಬಿಸಿದೆ, ಸಹಿ ಹಾಕಿದೆ. ಎಲ್ಲ ಸೇರಿ ಹದಿನೇಳು ನಿಮಿಷ. ಒಳಗೆ ಎಷ್ಟು ಜನರಿದ್ದರೆಂದು ಆಗ ಕೇಳಿರಲಿಲ್ಲ. ಶನಿವಾರ ಕೇಳಿದೆ. ಇನ್ನೂರ ಎಪ್ಪತ್ತೊಂದು. ಅವರು ಹೋಗಿ ಮುಟ್ಟಿದರು, ವಿಮಾನವೂ ವಾಪಸು ಬಂತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಶನಿವಾರ ನೀನು ಒಳಗಿರದಿದ್ದರೆ ಅವತ್ತೂ ಹದಿನೇಳು ನಿಮಿಷದಲ್ಲೇ ಮುಗಿಸುತ್ತಿದ್ದೆ. ಪೆನ್ನಿಗೆ ಮುಚ್ಚಳ ಹಾಕಿದ್ದು ನಿಯಮಕ್ಕಲ್ಲ, ನಿನಗೆ. ಇದನ್ನು ನಿನ್ನ ಮೇಲಿನ ಪ್ರೀತಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ಆಗಲಿಲ್ಲ. ನಿನ್ನ ವಿಮಾನ ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆ ಒಳಗೆ ಹೋಗಿ ಗುರುವಾರದ್ದನ್ನು ನನ್ನ ಕೈಯಾರೆ ಬರೆದು ಕೊಟ್ಟೆ. ನಿನ್ನೆಗೆ ಆರೂ ವಿಮಾನಗಳ ಫಲಕ ತೆಗೆಸಿ ನೋಡಿದ್ದಾರೆ. ಇನ್ನೆರಡರಲ್ಲಿ ಬಿರುಕು ಸಿಕ್ಕಿದೆ. ಎರಡಕ್ಕೂ ಹೊಸ ಕ್ಲಾಂಪ್ ಬಿದ್ದಿದೆ. ನಿನ್ನೆ ರಾತ್ರಿ ಬಹಳ ದಿನದ ಮೇಲೆ ನಿದ್ದೆ ಬಂತು.

ಇಂತಿ,
ಸ್ಪ್ಯಾನರ್

ಮರೆತಿದ್ದೆ: ವಿಚಾರಣೆ ಮುಗಿಯುವವರೆಗೆ, ಆರು ವಾರ, ನನಗೆ ಸಹಿ ಹಾಕುವ ಕೆಲಸವಿಲ್ಲ, ಬರೀ ಕಚೇರಿ. ಐದೂವರೆಗೆ ಮನೆಯಲ್ಲಿರುತ್ತೇನೆ. ಆ ಹೊತ್ತಿಗೆ ಅಡುಗೆಮನೆಯ ಕಪಾಟಿನ ಮೇಲೆ ಬಿಸಿಲು ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ಅಲ್ಲವೇ?

*

ಶನಿವಾರ, ೨೮ ನವೆಂಬರ್

ಸ್ಪ್ಯಾನರ್ ಸಾಹೇಬರಿಗೆ,

ಗೊತ್ತಿತ್ತು. ಐದೂಕಾಲಿಗೆ ಬಂದು ಆರಕ್ಕೆ ಹೋಗುತ್ತದೆ. ನಿಮಗಿಂತ ನಂಬಿಕಸ್ತ.

ಪತ್ರ ಗುರುವಾರ ಬಂತು. ನನ್ನ ಪೇಷಂಟ್ ಒಬ್ಬರು ಸರಳು ಹಿಡಿದು ನಡೆಯುವುದನ್ನು ಕಲಿಯುತ್ತಿದ್ದರು. ಅವರು ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಓದಿ ಮುಗಿಸಿ, ಮತ್ತೊಮ್ಮೆ ಓದಿದೆ.

ಮೊದಲು ಜಗಳ. ಗುರುವಾರದ ಮಾತನ್ನು ನೀವು ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು. ನಾನು ತಪ್ಪು ತಿಳಿದುಕೊಳ್ಳುತ್ತೇನೇನೋ ಎಂಬ ಚಿಂತೆ ಮೊದಲ ಪುಟಕ್ಕೆ, ಇನ್ನೂರ ಎಪ್ಪತ್ತೊಂದು ಜನ ಕೊನೆಯ ಪುಟಕ್ಕೆ. ಇದು ನಿಮ್ಮ ಹಳೆಯ ಚಾಳಿ. ಆದರೂ ಬರೆದಿರಿ. ನನಗಿಂತ ಮೊದಲು ಆಫೀಸಿಗೆ ಬರೆದು ಕೊಟ್ಟಿರಿ. ಆ ಸಾಲಿಗೆ ಬಂದ ಮೇಲೆ ನನಗೆ ಉಸಿರು ಸರಿಯಾಯಿತು. ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಎರಡನೇ ಸಲ ಓದುವಾಗ ಅತ್ತೆ. ಪೇಷಂಟ್ ಹೆದರಿಕೊಂಡು, "ಇವತ್ತು ನಾನು ಚೆನ್ನಾಗೇ ನಡೆದ್ನಲ್ಲಾ ಮೇಡಂ?" ಎಂದರು.

ಇನ್ನು ಶನಿವಾರ. ಹೌದು, ಕೆಳಗಿಳಿಸಿದ ಮೊದಲ ಒಂದು ಗಂಟೆ ನೀವು ನನ್ನನ್ನು ತಡೆಯುತ್ತಿದ್ದೀರಿ ಎಂದೇ ಅಂದುಕೊಂಡೆ. ಏಳು ತಿಂಗಳು ಒಂದು ಫೋನ್ ಮಾಡದವರು ಈಗ ವಿಮಾನವನ್ನೇ ನಿಲ್ಲಿಸಿದರಲ್ಲ ಎಂದು ಮೈ ಉರಿಯಿತು. ನೀವೇ ಎಂದು ಹೇಗೆ ಗೊತ್ತಾಯಿತು ಎನ್ನಬೇಡಿ. ಕಾಯುವ ಜಾಗದ ಗಾಜಿನಿಂದ ಕಾಣುತ್ತಿತ್ತು. ಎಡ ಮಂಡಿ ಮಡಚದೆ ಏಣಿ ಹತ್ತುವ ಮನುಷ್ಯ ಆ ಇಡೀ ನಿಲ್ದಾಣದಲ್ಲಿ ಒಬ್ಬರೇ. ಆಮೇಲೆ ನೀವು ಇಳಿದು, ಚಕ್ರದ ಪಕ್ಕ ಎಡಗಾಲು ಚಾಚಿ, ತಲೆ ಹಿಡಿದುಕೊಂಡು ಕೂತದ್ದೂ ಕಂಡಿತು. ತಡೆಯಲು ನಿಂತವರು ಹಾಗೆ ಕೂರುವುದಿಲ್ಲ. ಏನೋ ನಿಜವಾಗಿಯೇ ಸಿಕ್ಕಿದೆ ಎಂದು ಆಗ ತಿಳಿಯಿತು.

ನನ್ನ ಪಕ್ಕದಲ್ಲಿ ಟೈ ಕಟ್ಟಿಕೊಂಡವರೊಬ್ಬರು ಕೂಗಾಡುತ್ತಿದ್ದರು. "ಯಾವನ್ರೀ ಅವನು, ಒಂದು ಸಹಿಗೆ ಇಷ್ಟು ಹೊತ್ತು? ಹೆಸರು ಬರೆಯೋಕೆ ಬರಲ್ವಾ?" ಬರತ್ತೆ, ಅದಕ್ಕೇ ಹಾಕ್ತಿಲ್ಲ ಎಂದೆ. ನಿಮ್ಮ ಪರವಾಗಿ ಮಾತಾಡಿದ್ದಕ್ಕೆ ನನಗೇ ಸಿಟ್ಟು ಬಂದು ಎದ್ದು ಹೋಗಿ ನೀರು ಕುಡಿದೆ.

ಈ ಪತ್ರ ನೋಡಿ ನಾನು ವಾಪಸು ಬರುತ್ತೇನೆ ಎಂದುಕೊಳ್ಳಬೇಡಿ. ಇಲ್ಲಿ ಎರಡು ವರ್ಷದ ಕೆಲಸ, ನನಗೆ ಇಷ್ಟವಾಗಿದೆ. ಕಿಟಕಿಯಾಚೆ ಸೈಕಲ್ ರಿಪೇರಿ ಅಂಗಡಿಯಿದೆ. ಅಂಗಡಿಯವನು ಹೇಳಿದ ಹೊತ್ತಿಗೆ ಬಾಗಿಲು ತೆಗೆಯುತ್ತಾನೆ, ನೋಡಲು ಒಂಥರಾ ಹಿತ. ಆದರೆ ಐದೂವರೆಗೆ ಮನೆಯಲ್ಲಿರುವ ಮನುಷ್ಯನಿಗೆ ಮಂಡಿ ಸರಿಮಾಡಿಕೊಳ್ಳಲು ಹೊತ್ತಿದೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ಅರ್ಧ ಕೂತು, ಹತ್ತು ಎಣಿಸಿ, ಏಳಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಮಾಡಿದ್ದನ್ನು ಬರೆದು ಕಳಿಸಿ. ಮಾಡದಿದ್ದ ದಿನ ಮಾಡಲಿಲ್ಲ ಎಂದೇ ಬರೆಯಿರಿ, ಈಗ ಅಭ್ಯಾಸವಾಗಿದೆಯಲ್ಲ.

ಇಂತಿ,
ಡಾಕ್ಟರಲ್ಲದವಳು

ಇನ್ನೊಂದು ಮಾತು. ಆ ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ದಾಣದ ಕೌಂಟರಿನ ಹುಡುಗಿ ನನ್ನನ್ನು ಕರೆದಳು. ಬೇರೆ ಕಂಪನಿಯ ಹಳೆಯ ವಿಮಾನದಲ್ಲಿ ಒಂದು ಸೀಟಿದೆ, ಕೆಲಸಕ್ಕೆ ಹಾಜರಾಗಬೇಕಾದವರು ನೀವಲ್ಲವೇ, ಮೂರಕ್ಕೆ ಹೊರಡುತ್ತದೆ ಎಂದಳು. ಅದು ಸಲೀಸಾಗಿ ಹೊತ್ತಿಗೆ ಮುಂಚೆಯೇ ಮುಟ್ಟಿಸುತ್ತಿತ್ತು. ಆ ಸೀಟು ಟೈ ಕಟ್ಟಿದವರಿಗೆ ಹೋಯಿತು. ನಾನು ಇದರಲ್ಲೇ ಹೋಗ್ತೀನಮ್ಮ, ಆ ಏಣಿ ಹತ್ತಿದೋರು ಸಹಿ ಹಾಕ್ಲಿ ಎಂದಿದ್ದೆ.