ಬಾವಡಿಯ ಚಿತ್ರಕ್ಕೆ ಅಡ್ಡ ಬರದವರು

ಸುರಂಗಾವಿ,
30 ಫೆಬ್ರವರಿ 2174

ಶ್ರೀ ಸುಮಂತ್ ಕೆ. ಆರ್., ಮೈಸೂರು, ಅವರಿಗೆ

ಸುರಂಗಾವಿಯ ಹಳೆಯ ಮೆಟ್ಟಿಲುಬಾವಿಗೆ, ನಮ್ಮ ಮೂರು ಕಮಾನಿನ ಬಾವಡಿಗೆ, ಒತ್ತಿಕೊಂಡಿರುವ ಹತ್ತೊಂಬತ್ತು ಮನೆಗಳ ವಾಸದ ಹಕ್ಕಿನ ಅರ್ಜಿ ನಿನ್ನೆ ಮಧ್ಯಾಹ್ನ ವಜಾ ಆಯಿತು. ಅರ್ಜಿದಾರರು ವಿಚಾರಣೆಗೆ ಗೈರುಹಾಜರಾಗಿದ್ದರು ಎಂಬುದು ಆದೇಶದಲ್ಲಿ ಕೊಟ್ಟಿರುವ ಕಾರಣ. ಇದನ್ನು ಇಂದಿನ ‘ಸುರಂಗಾವಿ ಸಮಾಚಾರ’ದ ಮೂರನೇ ಪುಟದಲ್ಲಿ ವರದಿ ಮಾಡಿದವನು ನಾನು. ಎಲ್ಲ ಮನೆಗಳ ಪರವಾಗಿ ಅರ್ಜಿದಾರರಾದ ನಿಂಬೆವ್ವ ಬಾವಡಿ, ವಯಸ್ಸು ಎಪ್ಪತ್ತಮೂರು, ವಿಚಾರಣೆಯ ಉದ್ದಕ್ಕೂ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಅದನ್ನೂ ಬರೆದಿದ್ದೆ. ಆದೇಶಕ್ಕೆ ವ್ಯತಿರಿಕ್ತವಾಗಿದೆ ಎಂದು ಸಂಪಾದಕರು ಆ ಸಾಲನ್ನು ತೆಗೆದರು.

ಮೇಲಿನ ತಾರೀಖು ತಪ್ಪಲ್ಲ. ಜುಲೈ ಮತ್ತು ಆಗಸ್ಟ್ ತಿಂಗಳುಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟು ಅರವತ್ತು ವರ್ಷವಾಯಿತು. ಇನ್ನೂ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಪತ್ರ ನಿಮ್ಮ ಹೆಸರಿಗೇ ಬರಲು ಕಾರಣ ಸರಳ. ನಿಮ್ಮ ಕಾಲದ ಕ್ಯಾಮೆರಾಗಳು ತೆಗೆದವರ ಹೆಸರು, ದಿನ, ಗಂಟೆಗಳನ್ನು ಚಿತ್ರದೊಳಗೇ ಬರೆದುಕೊಳ್ಳುತ್ತಿದ್ದವು. ಎದುರಿಗೆ ನಿಂತವರ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ ಈಗ ಕಾಗದಪತ್ರಕ್ಕೆ ಬೆಲೆ ಇಲ್ಲ. ಉತಾರ, ನಕಾಶೆ, ಮದುವೆಯ ಫೋಟೋ, ಯಾವುದನ್ನು ಬೇಕಾದರೂ ಅರ್ಧ ನಿಮಿಷದಲ್ಲಿ ಸೃಷ್ಟಿಸುವ ಯಂತ್ರಗಳು ಬಂದ ಮೇಲೆ ನ್ಯಾಯಾಲಯಗಳು ಒಂದೊಂದಾಗಿ ಎಲ್ಲವನ್ನೂ ತಳ್ಳಿಹಾಕಿದವು. ಉಳಿದದ್ದು ಬಿಂಬಸಾಕ್ಷಿ. ಅಂದರೆ, ಆ ಯಂತ್ರಗಳು ಹಬ್ಬುವ ಮೊದಲೇ ಮುದ್ರೆ ಬಿದ್ದು ಸರ್ಕಾರದ ಚಿತ್ರಭಂಡಾರ ಸೇರಿದ ಪ್ರವಾಸಿಗರ ಚಿತ್ರಗಳು. ಪ್ರವಾಸಿಗೆ ಊರಿನ ಜಗಳದಲ್ಲಿ ಪಾಲಿಲ್ಲ, ಆದ್ದರಿಂದ ಅವನ ಚಿತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ಕಾನೂನು ಹೇಳುತ್ತದೆ. ಸ್ಮಾರಕದ ಸುತ್ತ ಮುನ್ನೂರು ಮೀಟರಿನೊಳಗೆ ವಾಸಿಸುವವರು ತಮ್ಮ ಹಿರಿಯರೊಬ್ಬರನ್ನು ಅಂಥ ಒಂದು ಚಿತ್ರದಲ್ಲಿ ತೋರಿಸಬೇಕು. ತೋರಿಸದಿದ್ದರೆ ಮನೆ ಬಿಡಬೇಕು.

ಮೂರು ಕಮಾನಿನ ಬಾವಡಿಯ ಚಿತ್ರಗಳು ಭಂಡಾರದಲ್ಲಿ ನಾಲ್ಕು ಲಕ್ಷ ಹನ್ನೊಂದು ಸಾವಿರ ಇವೆ. ಒಂದು ಕಂದು ನಾಯಿ ಅವುಗಳಲ್ಲಿ ಇನ್ನೂರ ಹದಿನಾಲ್ಕರಲ್ಲಿದೆ. ಬಾವಡಿಯ ನಾಯಿಗಳಿಗೆ ವಾಸದ ಹಕ್ಕು ಕಳೆದ ವರ್ಷವೇ ಮಂಜೂರಾಗಿದೆ. ಮದುವೆಗೆ ಮೊದಲು ಚಿತ್ರ ತೆಗೆಸಿಕೊಳ್ಳಲು ಬಂದು ಮೂರು ತಾಸು ಇದ್ದು ಹೋದ ಒಂದು ಜೋಡಿ ನೂರಾ ಆರರಲ್ಲಿದೆ. ಅವರ ಮರಿಮಕ್ಕಳು ಅರ್ಜಿ ಹಾಕಿದರು. ಬಾವಡಿಗೆ ಇಳಿಯುವ ಪೂರ್ವದ ಪಾವಟಿಗೆಗಳ ಪಕ್ಕದಲ್ಲಿ ಅವರಿಗೆ ಎರಡು ನಿವೇಶನ ಸಿಕ್ಕಿವೆ. ನಿಂಬೆವ್ವನ ಮನೆತನ ಎಂಟು ತಲೆಮಾರಿನಿಂದ ಆ ಪಾವಟಿಗೆಗಳನ್ನು ದಿನಾ ಗುಡಿಸಿದೆ, ಬಂದವರಿಗೆ ನೀರು ಕೊಟ್ಟಿದೆ. ಅವರ ಮುಖ ಒಂದು ಚಿತ್ರದಲ್ಲೂ ಇಲ್ಲ. ಕಸಬರಿಗೆಯೊಂದು ಗಾಳಿಯಲ್ಲಿ ತಾನೇ ನಿಂತಿರುವ ಚಿತ್ರವೊಂದು ಸಿಕ್ಕಿತು. ಹಿಡಿದವರನ್ನು ಯಾರೋ ಪರದೆಯ ಮೇಲೆ ಬೆರಳಿನಿಂದ ಉಜ್ಜಿ ಅಳಿಸಿದ್ದರು, ಕಸಬರಿಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಸಬರಿಗೆ ಸಾಕ್ಷಿಯಾಗುವುದಿಲ್ಲ.

ಪೂರ್ತಿ ದೋಷ ಅಳಿಸಿದವರದಲ್ಲ. ಬಾವಡಿ ಮನೆತನದಲ್ಲಿ ಒಂದು ಪದ್ಧತಿ ಇದೆ. ನಡೆಯಲು ಕಲಿತ ಮಗುವಿಗೆ ಮೊದಲು ಕಲಿಸುವುದು ಎರಡು ವಿಷಯ: ಬಂದವರಿಗೆ ನೀರು ಕೊಡಬೇಕು, ಬಂದವರು ಕ್ಯಾಮೆರಾ ಎತ್ತಿದರೆ ಪಕ್ಕಕ್ಕೆ ಸರಿಯಬೇಕು. ದೂರದಿಂದ ಬಿಸಿಲಲ್ಲಿ ಬಂದವರ ಚಿತ್ರ ಕೆಡಿಸುವುದನ್ನು ಅವರು ಉಣ್ಣುವವರ ತಟ್ಟೆ ದಾಟಿದಷ್ಟೇ ಕೆಟ್ಟದ್ದೆಂದು ಎಣಿಸುತ್ತಾರೆ. ಹೀಗಾಗಿ ಅಳಿಸಬೇಕಾದವರೇ ಕಡಿಮೆ ಇದ್ದರು.

ನಿಮ್ಮ ವಿಡಿಯೊ ತುಣುಕು ನನಗೆ ಹೋದ ತಿಂಗಳು ಸಿಕ್ಕಿತು. 2026ರ ಜನವರಿ 18, ಭಾನುವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ. ಹದಿನಾಲ್ಕು ಸೆಕೆಂಡು ಓಡುತ್ತದೆ. ಮೂರು ಕಮಾನೂ ನೇರವಾಗಿ ಬಂದಿವೆ. ಅದರಲ್ಲಿರುವ ಮಾತನ್ನು ಇದ್ದಂತೆ ಬರೆಯುತ್ತೇನೆ.

“ಅಜ್ಜಿ, ಸ್ವಲ್ಪ ಆ ಕಡೆ ಹೋಗ್ತೀರಾ? ಅಡ್ಡ ಬರ್ತಿದೀರ” ಎನ್ನುತ್ತೀರಿ ನೀವು.

“ಬಂದ್ನೇನೋ ಯಪ್ಪಾ? ಸರೀತೀನಿ ತಡಿ. ನನ್ನ ಮಾರಿ ತಗೊಂಡ್ ಏನ್ ಮಾಡ್ತಿ, ಸುಟ್ಟ ಬದನಿಕಾಯಿ ಆಗೇತಿ. ಬಾವಡಿ ತಗಿ. ಬಿಸಲಾಗ ಬಂದೀ, ಮದ್ಲ ನೀರರ ಕುಡಿ.”

ಆಗ ಎಡ ಅಂಚಿನಿಂದ ಒಂದು ಕೈ ತಂಬಿಗೆ ಹಿಡಿದು ಒಳಗೆ ಬರುತ್ತದೆ. “ಬೇಡ ಅಜ್ಜಿ, ಬಾಟ್ಲಿದೆ. ಅಯ್ಯೋ, ಕೈ ಕೂಡ ಬಂತು” ಎನ್ನುತ್ತೀರಿ. ಕೈ ಹಿಂದೆ ಸರಿಯುತ್ತದೆ.

ಹೆಸರು ಹೇಳಿದ ಧ್ವನಿಯನ್ನು ಕಾನೂನು ಒಪ್ಪುತ್ತದೆ. ಹೆಸರಿಲ್ಲದ ಧ್ವನಿಗೆ ‘ಸ್ಥಳದ ಸದ್ದು’ ಎನ್ನುತ್ತಾರೆ. ಗಾಳಿ, ಪಾರಿವಾಳ, ವಾಹನಗಳ ಜೊತೆ ಅದನ್ನು ಸೇರಿಸುತ್ತಾರೆ. ನೀವು ಹೆಸರು ಕೇಳಲಿಲ್ಲ. ಆದರೆ ಆ ಮುಂಗೈ ಮೇಲೆ ಹಚ್ಚೆ ಇತ್ತು: ಮೂರು ಕಮಾನು, ಕೆಳಗೆ ಏಳು ಚುಕ್ಕಿ. ಬಾವಡಿ ಮನೆತನದ ಹೆಣ್ಣುಮಕ್ಕಳೆಲ್ಲ ಅದನ್ನೇ ಹಾಕಿಸಿಕೊಳ್ಳುತ್ತಾರೆ. ನಿಂಬೆವ್ವನ ಮುಂಗೈಯಲ್ಲೂ ಇದೆ. ವಿಚಾರಣಾಧಿಕಾರಿ ಪ್ರಭಾಮಣಿ ಅವರು ಇದನ್ನು ಒಪ್ಪಲು ಸಿದ್ಧರಿದ್ದರು. ಒಂದೇ ಷರತ್ತು: ಅರ್ಜಿದಾರರು ತಮ್ಮ ಮುಖ ಮತ್ತು ಮುಂಗೈಯನ್ನು ಸಾಕ್ಷಿಗಣ್ಣಿನ ಮುಂದೆ, ಅಂದರೆ ವಿಚಾರಣಾ ಮಂಡಳಿಯ ಕ್ಯಾಮೆರಾದ ಮುಂದೆ, ಒಂಬತ್ತು ಎಣಿಸುವವರೆಗೆ ಹಿಡಿಯಬೇಕು. ಮೂರು ಅವಕಾಶ. ಬಲವಂತದ ಸಾಕ್ಷಿ ಆಗಬಾರದೆಂದು ಅವರನ್ನು ಯಾರೂ ಮುಟ್ಟುವಂತಿಲ್ಲ. ವಿಚಾರಣೆ ಬಾವಡಿಯ ಪಾವಟಿಗೆಗಳ ಮೇಲೆಯೇ ನಡೆಯಿತು. ಹತ್ತೊಂಬತ್ತು ಮನೆಯವರೂ ಬಂದಿದ್ದರು.

“ಅವ್ವಾರ, ಇಲ್ಲಿ ನಿಂದ್ರಿ. ಮುಂಗೈ ಗಲ್ಲದ ಹಂತೇಕ ಹಿಡೀರಿ” ಎಂದರು ಪ್ರಭಾಮಣಿ.

ಸಾಕ್ಷಿಗಣ್ಣು ತಿರುಗಿತು. ನಿಂಬೆವ್ವ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಬಲಕ್ಕೆ ಹೋದರು. “ಅಡ್ಡ ಬಂದ್ನೇನ್ರಿ? ತಗೀರಿ, ತಗೀರಿ.”

“ಅತ್ತಿ, ನಿಮ್ದ ಫೋಟೋ ಅದು! ನಿಂದ್ರಿ ಸುಮ್ಮ!” ಎಂದು ಸೊಸೆ ಕಸ್ತೂರಿ ಕೂಗಿದಳು.

“ನಂದಾ? ನಂದ್ಯಾಕ ತಗೀತಾರ, ಬಾವಡಿ ಹಿಂದ ಐತಲ್ಲ.”

ಜನ ನಕ್ಕರು. ಎರಡನೇ ಸಲ ನಾಲ್ಕರವರೆಗೆ ನಿಂತರು; ಸಾಕ್ಷಿಗಣ್ಣಿನ ದೀಪ ಹತ್ತುತ್ತಲೇ ಮತ್ತೆ ಅತ್ತಲೇ ಸರಿದರು. “ಮದಿವ್ಯಾಗೂ ಹಿಂಗ ಸರದಿದ್ದೇನ ಚಿಗವ್ವಾ? ಫೋಟೋದಾಗ ಕಾಕಾ ಒಬ್ಬಾವನ ಅದಾನ” ಎಂದು ಪಕ್ಕದ ಮನೆಯ ಮಲಕಾಜಿ ಚುಡಾಯಿಸಿದ. ನಿಂಬೆವ್ವ ನಗಲಿಲ್ಲ. ತನ್ನ ಕಾಲನ್ನೇ ನೋಡಿಕೊಂಡು, “ಇವು ನನ್ನ ಮಾತು ಕೇಳವಲ್ಲವು” ಎಂದರು.

ಮೂರನೇ ಸಲ ಅವರು ಸೊಸೆಯ ಬಿಂದಿಗೆಯನ್ನು ಕಾಲಿನ ಬಲಕ್ಕೆ ಇರಿಸಿಕೊಂಡರು, ಸರಿಯಲು ಜಾಗವಿರಬಾರದೆಂದು. ಮುಖ ಎತ್ತಿದರು. ಮುಂಗೈ ಗಲ್ಲದ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿತು. ಐದು, ಆರು ಎಂದು ಅಧಿಕಾರಿ ಎಣಿಸಿದರು. ಏಳು ಎನ್ನುವಾಗ ಬಲಗಡೆ ನಿಂತಿದ್ದ ನಾನು ಪತ್ರಿಕೆಗೊಂದು ಚಿತ್ರ ಬೇಕೆಂದು ಕ್ಯಾಮೆರಾ ಎತ್ತಿದೆ. ನಿಂಬೆವ್ವ ನನ್ನನ್ನು ನೋಡಿದರು. ಎಡಕ್ಕೆ ಎರಡು ಹೆಜ್ಜೆ ಸರಿದು ನನಗೆ ದಾರಿ ಬಿಟ್ಟರು.

ಎಣಿಕೆ ಅಲ್ಲಿಗೆ ನಿಂತಿತು. ಸಾಕ್ಷಿಗಣ್ಣಿನ ದಾಖಲೆಯಲ್ಲಿ ಒಂಬತ್ತು ಎಣಿಕೆ ನಿಂತ ಮುಖವಿಲ್ಲ. ಅಂಥವರನ್ನು ಕಾನೂನು ಗೈರು ಎಂದು ಬರೆಯುತ್ತದೆ. ಗೈರಾದವರಿಗೆ ಮೇಲ್ಮನವಿ ಇಲ್ಲ. ಕಸ್ತೂರಿ ನನ್ನ ಹತ್ತಿರ ಬಂದು, “ಚೊಲೋ ಬಂತೇನ್ರಿ ಫೋಟೋ?” ಎಂದು ಕೇಳಿದಳು. ಚೆನ್ನಾಗಿಯೇ ಬಂದಿದೆ. ಮೂರು ಕಮಾನೂ ಕಾಣುತ್ತವೆ, ಅಡ್ಡ ಯಾರೂ ಇಲ್ಲ. ಇಂದಿನ ವರದಿಯ ಜೊತೆ ಅದೇ ಅಚ್ಚಾಗಿದೆ.

ಈ ಪತ್ರವನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಹಳೆಯ ಚಿತ್ರ ತೆಗೆದ ಉಪಕರಣಕ್ಕೇ ಪತ್ರ ತಲುಪಿಸುವ ಸೇವೆ. ಚಿತ್ರ ತೆಗೆಯುವ ಮೊದಲು ತಲುಪಿಸಲು ಅದಕ್ಕೆ ಆಗುವುದಿಲ್ಲ. ನಿಮಗೆ ಇದು ಅದೇ ದಿನ 12 ಗಂಟೆ 55ಕ್ಕೆ ಸಿಗುತ್ತದೆ. ಆಗ ನೀವು ಬಾವಡಿಯ ಹೊರಗೆ ಕಾರಿನಲ್ಲಿ ಕೂತಿರುತ್ತೀರಿ. ಮುದುಕಿ ಇನ್ನೂ ಪಾವಟಿಗೆಯ ಮೇಲೆ ಇರುತ್ತಾಳೆ, ನಡೆದು ಹೋದರೆ ಮೂರು ನಿಮಿಷ. ಕ್ಯಾಮೆರಾ ಓಡುತ್ತಿರುವಾಗ ಹೆಸರು ಕೇಳಿದರೆ ಸಾಕು. ಮುಖ ಬೇಕಾಗಿಲ್ಲ, ಅವಳು ಕೊಡುವುದೂ ಇಲ್ಲ.

ಭಂಡಾರದಲ್ಲಿ ನಿಮ್ಮ ಮುಂದಿನ ಚಿತ್ರ 1 ಗಂಟೆ 50ರದು. ಖಾನಾವಳಿಯ ತಟ್ಟೆ: ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸುರಂಗಾವಿಯ ಚಿತ್ರ ಆಮೇಲೆ ಒಂದೂ ಇಲ್ಲ, ಧ್ವನಿಯೂ ಇಲ್ಲ. ಹಾಗಾಗಿ ನೀವು ಹಿಂದಿರುಗಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಬರೆದೆ. ಸುದ್ದಿಯಲ್ಲಿ ಪಾತ್ರವಿದ್ದ ಎಲ್ಲರಿಗೂ ತಿಳಿಸಿ ಅವರ ಮಾತು ಕೇಳುವುದು ನಮ್ಮ ಪತ್ರಿಕೆಯ ಪದ್ಧತಿ. ಪಾತ್ರ ನನಗೂ ಇತ್ತು, ನನ್ನ ಮಾತನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹತ್ತೊಂಬತ್ತು ಮನೆಗಳ ತೆರವು. ಮಂಗಳವಾರ ಪಾವಟಿಗೆಗಳನ್ನು ತೊಳೆಯಲಾಗುತ್ತದೆ. ಬುಧವಾರ ಹತ್ತು ಗಂಟೆಯಿಂದ ಬಾವಡಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಕುಡಿಯುವ ನೀರು ತರುವುದು. ಛಾಯಾಗ್ರಹಣಕ್ಕೆ ಅನುಮತಿ ಇದೆ.

ದಾನೇಶ ಕರಡಿಗುಡ್ಡ
ವರದಿಗಾರ, ಸುರಂಗಾವಿ ಸಮಾಚಾರ