ಮುಚ್ಚಲದ ಕೆಳಗೆ ಕೂತವರಿಗೆ

ಗದಗ ಕೆಳಪೇಟೆ,
ಅಧಿಕ ಮಾಸದ ಹತ್ತೊಂಬತ್ತನೇ ತಾರೀಖು, ೨೨೧೪

ಟಾಕೀಸಿನ ಕತ್ತಲೆಯಲ್ಲಿ ಕೂತು ಸೀಟಿ ಹೊಡೆಯುತ್ತಿರುವ ನನ್ನ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಅಧಿಕ ಮಾಸ ಪ್ರತಿ ವರ್ಷವೂ ಬರುತ್ತದೆ. ಅದು ಹದಿಮೂರನೆಯ ತಿಂಗಳು, ಹೊಸದಾಗಿ ಮದುವೆಯಾದವರಿಗೆ ಪೂರ್ತಿ ರಜೆ. ನನ್ನ ಭಾಷೆಯನ್ನೂ ಮನ್ನಿಸಿ. ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಬಂದದ್ದು ಅರ್ಧ ಅಡುಗೆಮನೆಯಿಂದ, ಇನ್ನರ್ಧ ನಿಮ್ಮ ಸಿನಿಮಾಗಳಿಂದ. ಎಲ್ಲಾದರೂ ಡೈಲಾಗ್ ಹೊಡೆದಂತೆ ಕೇಳಿಸಿದರೆ ತಪ್ಪು ನಿಮ್ಮದೇ. ವಿಚಿತ್ರ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೋ ಗೊತ್ತಿಲ್ಲ. ನಿಮ್ಮ ಚಿತ್ರಗಳು ನಮ್ಮವರೆಗೆ ಬಂದ ದಾರಿಯಲ್ಲೇ ವಾಪಸು ಹೋಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಸಂತೋಷದ ಸುದ್ದಿ. ನನಗೆ ಮದುವೆಯಾಗಿದೆ! ಅಯ್ಯೋ, ಈ ಮಾತನ್ನು ಎಷ್ಟು ಸಲ ಬರೆದರೂ ಸಾಲದು. ಅವನ ಹೆಸರು ಫಕೀರೇಶ. ನಕ್ಕರೆ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ, ಅವನಿಗೆ ಬರುತ್ತದೆ. ಅವನು ಬಡಿಯುತ್ತಿದ್ದರೆ ಆ ತಾಳಕ್ಕೆ ನಾನು ಅಡುಗೆಮನೆಯಲ್ಲೇ ಕುಣಿಯುತ್ತೇನೆ. ಅವನು ತೊಳೆಗಾರ. ಅಂದರೆ ನಿಮ್ಮ ಕಾಲದಿಂದ ಹಾಳಾಗಿ ಉಳಿದ ಸಿನಿಮಾಗಳ ಗೀರು, ಕಲೆ ತೆಗೆದು ಮತ್ತೆ ನೋಡುವಂತೆ ಮಾಡುವವನು. ಅವನಿಗೆ ಅಪರಾಧದ ಚಿತ್ರಗಳೆಂದರೆ ಪ್ರಾಣ. ರಜೆ ಶುರುವಾದಾಗಿನಿಂದ ಅವನ್ನೇ ನೋಡಿದೆವು. ಒಂದು ಮಗು, ಅದನ್ನು ಹಿಂಸಿಸುವ ಒಬ್ಬ ದೊಡ್ಡ ಮನುಷ್ಯ. ಮಗು ಬಾಗಿಲು ಬಡಿಯುತ್ತದೆ, ಬಡಿಯುತ್ತ ಬಡಿಯುತ್ತಲೇ ಬೆಳೆದು ನಿಲ್ಲುತ್ತದೆ, ಕೈಗೆ ಮಚ್ಚು ಬರುತ್ತದೆ. ಸುಳ್ಳು ಹೇಳಲಾರೆ, ನಾನೂ ಸೀಟಿ ಹೊಡೆದಿದ್ದೇನೆ. ಆ ದುಷ್ಟ ಮಣ್ಣಿಗೆ ಬಿದ್ದಾಗ ಹೊಟ್ಟೆಯೊಳಗೆ ಐಸ್‌ಕ್ರೀಂ ಇಳಿದಷ್ಟು ತಂಪಾಗುತ್ತಿತ್ತು.

ನಮ್ಮ ಜೀವನದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ ಮಧ್ಯಾಹ್ನ ಮೈ ಸುಡುವ ಬಿಸಿಲಿಗೆ ನೆಲದ ಮೇಲೆ ಯಾರೂ ಇರುವುದಿಲ್ಲ. ಅಂಗಡಿ, ಶಾಲೆ, ಹೂವಿನ ಮಾರ್ಕೆಟ್ಟು ಎಲ್ಲವೂ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು. ಬಿಸಿಲುಗಂಟೆ ಹೊಡೆದ ಕೂಡಲೇ ಊರಿಗೆ ಊರೇ ಕೆಳಮನೆಗಳಿಗೆ, ಎಂದರೆ ನೆಲದಡಿಯ ಮನೆಗಳಿಗೆ ಇಳಿಯುತ್ತದೆ. ಗುಡ್ಡದ ಗಾಳಿಯಂತ್ರಗಳ ಕರೆಂಟಿನಿಂದ ಅಲ್ಲಿ ಫ್ಯಾನುಗಳು ತಿರುಗುತ್ತವೆ. ಹೆಂಗಸರು ಶ್ಯಾವಿಗೆ ಹೊಸೆಯುತ್ತಾರೆ, ಮಕ್ಕಳು ಚೌಕಾಬಾರ ಆಡುತ್ತವೆ. ಮೆಟ್ಟಿಲ ತುದಿಯಲ್ಲಿ ಪಾತ್ರೆಯ ಬಾಯಿಗೆ ಮುಚ್ಚಿದ ಹಾಗೆ ಒಂದು ಕಬ್ಬಿಣದ ಬಾಗಿಲು. ಅದನ್ನು ಮುಚ್ಚಲ ಎನ್ನುತ್ತೇವೆ. ಅದರ ಅಗುಳಿ ಕೆಳಗಿನಿಂದ ಮಾತ್ರ ತೆರೆಯುತ್ತದೆ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ಸಾಕಿದವರು ದೊಡ್ಡಪ್ಪ ಅಡಿವೆಪ್ಪ. ನಾನು ಹಾಲು ಚೆಲ್ಲಿದರೆ, ಮಗ್ಗಿ ತಪ್ಪಿದರೆ, ಗಂಟೆ ಹೊಡೆದ ಮೇಲೆ ನನ್ನೊಬ್ಬಳನ್ನೇ ಮೇಲೆ ಬಿಟ್ಟು ಮುಚ್ಚಲ ಹಾಕುತ್ತಿದ್ದರು. ಆಗ ನಾನು ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನವಳು. ಕಾದ ಕಬ್ಬಿಣವನ್ನು ಅಂಗೈಯಲ್ಲಿ ಬೊಬ್ಬೆ ಏಳುವ ತನಕ ಬಡಿಯುತ್ತಿದ್ದೆ. ಅವರಿಗೆ ಸಾಕೆನಿಸಿದಾಗ ಬಾಗಿಲು ತೆರೆಯುತ್ತಿತ್ತು. ಇಳಿದು ಬಂದು ಯಾಕೆ ತೆರೆಯಲಿಲ್ಲ ಎಂದು ಕೇಳಿದರೆ ಅವ್ವ ಅಂಗೈಗೆ ಬೆಣ್ಣೆ ಹಚ್ಚುತ್ತ, “ನೀ ಒಳಗಿನ ಖೋಲ್ಯಾಗ ಮಲಗೀದಿ ಅಂತ ತಿಳದಿದ್ನಿ. ಮುಚ್ಚಲ ದಪ್ಪ ಐತೆವ್ವಾ, ಏನೂ ಕೇಳಸಂಗಿಲ್ಲ. ಯಾರ ಮುಂದೂ ಹೇಳಬ್ಯಾಡ” ಎನ್ನುತ್ತಿದ್ದಳು. ನಾನು ನಂಬಿದೆ. ಕೆಟ್ಟವನು ಒಬ್ಬನೇ, ಉಳಿದವರಿಗೆ ಗೊತ್ತೇ ಆಗಲಿಲ್ಲ ಎಂಬ ಆ ನಂಬಿಕೆಯ ಮೇಲೆಯೇ ನಾನು ಬೆಳೆದದ್ದು.

ಒಂದು ಮುಂಜಾನೆ ನಿಮ್ಮ ಯಾವುದೋ ಚಿತ್ರದ ಮಗುವಿಗಾಗಿ ಫಕೀರೇಶ ಬಿಕ್ಕಿ ಬಿಕ್ಕಿ ಅತ್ತ. ಅಂಥ ಗಂಡ ಸಿಕ್ಕ ಖುಷಿಯಲ್ಲಿ ನನ್ನ ಕಥೆ ಹೇಳಿಬಿಟ್ಟೆ. ಬೇಡಿಕೊಂಡದ್ದು ಒಂದೇ: ಯಾರಿಗೂ ಹೇಳಬೇಡ, ಏನೂ ಮಾಡಬೇಡ, ಒಂದು ದಿನ ನಾನೇ ದೊಡ್ಡಪ್ಪನ ಎದುರು ಕೂತು ಕೇಳುತ್ತೇನೆ. ಅವನು ನನ್ನ ಎರಡೂ ಅಂಗೈಗೆ ಮುತ್ತಿಟ್ಟು ಆಣೆ ಮಾಡಿದ.

ಮೊನ್ನೆ ತವರಿನಲ್ಲಿ ಅಳಿಯನಿಗೆ ಅಧಿಕದ ಬಾಗಿನ. ಅಕ್ಕಿ ಬೆಲ್ಲದಲ್ಲಿ ಕರಿದ ಮೂವತ್ತಮೂರು ಅನಾರಸಗಳ ತಟ್ಟೆ, ಹೊಸ ಧೋತರ, ಕೆಳಮನೆ ತುಂಬ ಬಂಧುಬಳಗ. ಗಂಟೆಗೆ ಸ್ವಲ್ಪ ಮೊದಲು ಫಕೀರೇಶ ಎದ್ದು, “ಬರ್ರಿ ದೊಡ್ಡಪ್ಪಾರ, ಹಂಗs ಮ್ಯಾಲ ಹೋಗಿ ಎಲಿ ಅಡಿಕಿ ಹಾಕ್ಕೊಂಡ ಬರೂಣು” ಎಂದು ಅವರನ್ನು ಕರೆದೊಯ್ದ. ಗಂಟೆ ಹೊಡೆಯಿತು. ಇಳಿದು ಬಂದವನು ಅವನೊಬ್ಬನೇ. ಅಗುಳಿ ಹಾಕಿ, ಮೇಲಿನ ಮೆಟ್ಟಿಲ ಮೇಲೆ ಕಾಲಗಲಿಸಿ ನಿಂತು, ನನ್ನ ಕಥೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲ ನಿಮ್ಮಿಂದಲೇ ಕಲಿತದ್ದು. ಕೊನೆಗೆ “ಅವತ್ತ ಆಕಿ ಬಡದ್ಲು. ಇವತ್ತ ಆಂವಾ ಬಡೀತಾನ!” ಎಂದ.

ಕೆಳಗಿನಿಂದ ಯಾರೋ ಸೀಟಿ ಹೊಡೆದರು. “ಭೇಷ್ ಅಳಿಯಾ! ಗಂಡಸಂದ್ರ ಹಿಂಗಿರಬೇಕು!” ನನ್ನ ಬಾಯಿಯನ್ನು ವರ್ಷಗಟ್ಟಲೆ ಮುಚ್ಚಿಸಿದ್ದ ಅವ್ವ ಕಣ್ಣೊರೆಸಿಕೊಂಡು, “ನನ್ನ ಮಗಳ ಪುಣ್ಯಾ ರೀ, ಇಂಥಾ ಅಳಿಯ ಸಿಕ್ಕಾನ” ಎನ್ನುತ್ತ ಅವನ ಬಾಯಿಗೆ ಅನಾರಸ ಇಟ್ಟಳು. ನಾನು ಹೇಳಬಾರದಿದ್ದ ಕಥೆಯನ್ನು ಈಗ ಇಡೀ ಓಣಿ ಹೇಳಬಹುದಿತ್ತು, ಏಕೆಂದರೆ ಅದಕ್ಕೊಬ್ಬ ಹೀರೋ ಸಿಕ್ಕಿದ್ದ.

ಅಷ್ಟರಲ್ಲಿ ಬಡಿತ ಶುರುವಾಯಿತು.

ಮುಚ್ಚಲದ ಕೆಳಗೆ ಕೂತು ಆ ಸದ್ದನ್ನು ನಾನೆಂದೂ ಕೇಳಿರಲಿಲ್ಲ. ಅಂಗೈ ಯಾವುದು, ಮುಷ್ಟಿ ಯಾವುದು, ಬೆರಳಿನ ಉಂಗುರ ತಾಗಿದ್ದು ಯಾವುದು, ಎಲ್ಲ ಬೇರೆ ಬೇರೆಯಾಗಿ ಕೇಳುತ್ತಿತ್ತು. ಕೂತವರತ್ತ ತಿರುಗಿದೆ. “ನಿಮಗ ಕೇಳಸಾಕತ್ತೈತೇನು?” ಎಂದು ಕೇಳಿದೆ.

ಚಿಗವ್ವ ಶಾಂತಾದೇವಿ ಅನಾರಸ ಮುರಿಯುತ್ತ ನಕ್ಕಳು. “ಕೇಳಸದs ಏನು? ಈ ಮುಚ್ಚಲ ಮೊದ್ಲಿಂದೂ ಹಿಂಗ. ಬಡದ್ರ ಎದಿ ಮ್ಯಾಲ ಬಡದಂಗ ಕೇಳತೈತಿ.”

ಅವ್ವ ನನ್ನ ಮುಖ ನೋಡಲಿಲ್ಲ. “ಆ ಫ್ಯಾನ್ ಜೋರ್ ಮಾಡ್ರಿ” ಎಂದಳು.

ಆಗ ನೆನಪಾಯಿತು. ಬೊಬ್ಬೆಯ ಕೈ ಹಿಡಿದು ನಾನು ಇಳಿದು ಬಂದ ಪ್ರತಿ ಸಲವೂ ಕೆಳಗೆ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಎಷ್ಟು ತಂಪು ಎಂದು ಆಗ ನಾನು ಖುಷಿಪಟ್ಟಿದ್ದೆ.

ಮೆಟ್ಟಿಲು ಹತ್ತಿದೆ. ಫಕೀರೇಶ ಅಡ್ಡ ಬಂದ. “ಗಂಗಾ, ಏನ ಮಾಡಾಕತ್ತಿ? ಈಗಷ್ಟs ಶುರುವಾಗೇತಿ. ನಿನ್ನ ಸಲುವಾಗೇ ಮಾಡೀನಲ್ಲ!”

“ನನ್ನ ಕೇಳಿ ಮಾಡೀಯೇನು?” ಎಂದು ಅವನ ಕೈ ಸರಿಸಿ ಅಗುಳಿ ತೆಗೆದೆ. ದೊಡ್ಡಪ್ಪನನ್ನು ಕ್ಷಮಿಸಿ ತೆಗೆದದ್ದಲ್ಲ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಅಷ್ಟು ಸ್ಪಷ್ಟವಾಗಿ ಕೇಳಿದ ಮೇಲೂ ತೆಗೆಯದೆ ಕೂರುವವರ ಪೈಕಿ ನಾನೂ ಒಬ್ಬಳಾಗಲಾರದೆ ತೆಗೆದೆ. ದೊಡ್ಡಪ್ಪ ಕೆಂಪಾದ ಮುಖದಲ್ಲಿ ಇಳಿದು, ಮಜ್ಜಿಗೆ ಕೇಳಿ ಕುಡಿದು, ಗೋಡೆ ಕಡೆ ತಿರುಗಿ ಮಲಗಿದರು. ಹಿಂದೆ “ಕ್ಲೈಮ್ಯಾಕ್ಸ್ ಕೆಡಿಸಿದ್ಲು ನೋಡು” ಎಂದು ಯಾರೋ ಗೊಣಗಿದರು.

ಮರುದಿನ ಅವ್ವನನ್ನು ಒಂಟಿಯಾಗಿ ಕೂರಿಸಿಕೊಂಡು, ನಿನಗೆ ಕೇಳಿಸುತ್ತಿತ್ತಲ್ಲವೇ ಎಂದೆ. ಅವಳು ಶ್ಯಾವಿಗೆಯಿಂದ ಕೈ ತೆಗೆಯಲಿಲ್ಲ. “ಆತಲ್ಲವ್ವಾ, ಅಳಿಯ ಸೇಡ ತೀರಿಸ್ಯಾನ. ಇನ್ನೇನ ಕೆದಕತಿ?” ಎಂದಳು. ಮಾತು ಅಲ್ಲಿಗೆ ಮುಗಿಯಿತು. ನನ್ನ ಬಾಯಿ ಎರಡನೆಯ ಸಲ ಮುಚ್ಚಿತು, ಈ ಸಲ ಸೀಟಿ ಚಪ್ಪಾಳೆಗಳಿಂದ. ಫಕೀರೇಶನೂ ಮುನಿಸಿಕೊಂಡಿದ್ದಾನೆ. ಅಷ್ಟು ಜನರೆದುರು ಮರ್ಯಾದೆ ತೆಗೆದೆನಂತೆ. ಪಕ್ಕದ ಕೋಣೆಯಲ್ಲಿ ಇನ್ನೊಂದು ಚಿತ್ರ ತೊಳೆಯುತ್ತಿದ್ದಾನೆ. ಅವನನ್ನು ಈಗಲೂ ಹುಚ್ಚಿಯಂತೆ ಪ್ರೀತಿಸುತ್ತೇನೆ. ಆದರೆ ಅಂಗೈ ಮುಂದೆ ಚಾಚಲು ಇನ್ನೂ ಮನಸ್ಸು ಬರುತ್ತಿಲ್ಲ.

ಹಿರಿಯರೇ, ದುಷ್ಟನಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ಚಿತ್ರಗಳು ನನಗೆ ಮಾಡಿದ ಮೋಸ ಬೇರೆ. ಅವು ಒಬ್ಬನನ್ನು ಹುಡುಕಿ ಹೊಡೆದು, ಉಳಿದ ಎಲ್ಲರನ್ನೂ ಶುದ್ಧ ಮಾಡಿ ಮನೆಗೆ ಕಳಿಸುತ್ತವೆ. ಬಾಗಿಲು ಬಡಿದ ಮಗು ಇಂಟರ್ವಲ್ ಹೊತ್ತಿಗೆ ಯಾರದೋ ಮಚ್ಚಿಗೆ ಕಾರಣವಾಗಿ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಮನೆಯೊಳಗೆ ಯಾರ್ಯಾರು ಇದ್ದರು ಎಂದು ಯಾರೂ ಕೇಳುವುದಿಲ್ಲ.

ನೀವು ನನಗಿಂತ ಮೊದಲು ಬದುಕುತ್ತಿರುವವರು, ನಿಮಗಿನ್ನೂ ಸಮಯವಿದೆ. ಸಿನಿಮಾ ನೋಡಿ, ಸೀಟಿಯನ್ನೂ ಹೊಡೆಯಿರಿ, ಬೇಡವೆನ್ನಲು ನಾನ್ಯಾರು. ಮನೆಗೆ ಹೋದ ಮೇಲೆ ಮಾತ್ರ ಫ್ಯಾನು ಆರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿ.

ನಿಮ್ಮವಳೇ ಆದ,
ಗಂಗಾಂಬಿಕಾ