ಎದುರಿಗೆ ನಿಂತು ಆಡುವ ಮಾತು

ಕಲಬುರ್ಗಿ
ಆಶ್ವೀಜ ಶುದ್ಧ ಪಂಚಮಿ, ಫಸಲಿ ೧೩೩೩

ಮಗಳು ಚಿ. ಸೌ. ದುಂಡಮ್ಮನಿಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ನಾನು, ನಿನ್ನವ್ವ, ಅಂಗಳದ ಬೇವಿನ ಗಿಡ, ಮೂವರೂ ನೆಟ್ಟಗಿದ್ದೇವೆ. ಕಮಲಾಪುರದಲ್ಲಿ ನೀನೂ ನಿನ್ನ ಮಾವನವರೂ ಹಾಗೇ ಇರಲೆಂದು ಶರಣಬಸಪ್ಪನಲ್ಲಿ ಬೇಡಿಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಗಿರಣಿಯಲ್ಲಿ ಹಬ್ಬದ ಸೀರೆಯ ಗಡಿಬಿಡಿ ಎಂದು ಬರೆಯಬಹುದು, ಆದರೆ ಅದು ನೆಪ. ನೀನು ಎರಡು ಪ್ರಶ್ನೆ ಕೇಳಿದ್ದೀ. ನಾಲ್ಕು ಮಂದಿಯಿಂದ ಕೆಲಸ ತೆಗೆಯುವುದು ಹೇಗೆ ಎಂಬುದು ಒಂದು. ನಾಗರ ಪಂಚಮಿಗೆ ಬಂದು ಹೊರಟಾಗ ಗಾಡಿಯಿಂದ ಎಷ್ಟು ಕರೆದರೂ ಅಪ್ಪ ತಿರುಗಿ ನೋಡಲಿಲ್ಲವಲ್ಲ, ನನ್ನ ಮೇಲೆ ಮುನಿಸೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಿದೆ. ಎರಡನೆಯದು ಆಮೇಲೆ. ಮುನಿಸಂತೂ ಅಲ್ಲ, ಹುಚ್ಚಿ.

ನಿನ್ನ ಮಾವನವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದರು, ಅಳಿಯ ಮಲ್ಕಪ್ಪ ವಾಡಿಯ ರೈಲು ನೌಕರಿ ಬಿಟ್ಟು ಬರುವಂತಿಲ್ಲ, ಹಾಗಾಗಿ ಬಾಳೆತೋಟ ನಿನ್ನ ತಲೆಗೆ ಬಂತು. ಈಗ ಆಳುಗಳು ಯಾರೂ ಬರುತ್ತಿಲ್ಲ. ಗೊನೆಗಳು ಬಲಿತು ನಿಂತಿವೆ. ನಿನ್ನ ಭಾವ ಚಂದ್ರಶಾ, "ದೀಪಾವಳಿ ಗೊನಿ ಕಲಬುರ್ಗಿ ಬಜಾರ ಮುಟ್ಟಲಿಲ್ಲಂದ್ರ ತೋಟ ಬ್ಯಾರೇದವರಿಗಿ ಲಾವಣಿಗಿ ಕೊಟ್ಟುಬಿಡ್ತೀನಿ. ಹೆಣ್ಣಮಗಳಿಗಿ ಇದೆಲ್ಲಾ ನೀಗಂಗಿಲ್ಲ" ಎಂದನೆಂದು ಬರೆದಿದ್ದೀ. ಆ ಮಾತು ನಿನಗೆಷ್ಟು ಚುಚ್ಚಿದೆಯೋ ನನಗೂ ಅಷ್ಟೇ ಚುಚ್ಚಿತು. ಹತ್ತಿಯ ಅಂಡಿಗೆಯ ಮೇಲೆ ಇದ್ದಿಲಿನಿಂದ ಅ ಆ ತಿದ್ದಿಸಿ ಬೆಳೆಸಿದ ಮಗಳು ನೀನು. ನಿನಗೆ ನೀಗದಿದ್ದರೆ ಇನ್ಯಾರಿಗೆ ನೀಗುತ್ತದೆ?

ಆದರೆ ತಪ್ಪು ಎಲ್ಲಾಗಿದೆ ಎಂಬುದು ನಿನ್ನ ಕಾಗದದಲ್ಲೇ ಇದೆ. ಆಳುಗಳಲ್ಲಿ ಹಿರಿಯನಾದ ಪೀರಪ್ಪ ನಿನ್ನ ಮಾವನ ವಾರಿಗೆಯವನು, ಆ ತೋಟ ನೆಟ್ಟವನು. ಸೊಸೆಯಾದವಳು ಅಂಥ ಹಿರಿಯರ ಎದುರಿಗೆ ನಿಲ್ಲಬಾರದೆಂದು ನೀನು ಕದದ ಹಿಂದೆ ನಿಂತು ಮನೆಯ ಆಳು ತುಕಾರಾಮನಿಗೆ ಹೇಳುತ್ತೀ, ಅವನು ತೋಟಕ್ಕೆ ಹೋಗಿ ಹೇಳುತ್ತಾನೆ. ಆ ತುಕಾರಾಮನನ್ನು ನಾನು ನಿನ್ನ ಮದುವೆಯಲ್ಲೇ ನೋಡಿದ್ದೇನೆ. ನೀನು ಬೆಲ್ಲ ಕೊಟ್ಟು ಕಳಿಸಿದರೂ ದಾರಿಯಲ್ಲಿ ಉಪ್ಪು ಮಾಡಿ ಮುಟ್ಟಿಸುವ ಆಸಾಮಿ. "ಮಾರಿ ಕಾಣಲಾರದ ಧಣ್ಯಾರ ಹುಕುಂ ನಾ ಕೇಳಂಗಿಲ್ಲ" ಎಂದು ಪೀರಪ್ಪ ಕುಡುಗೋಲು ಇಟ್ಟು ಹೋದದ್ದರಲ್ಲಿ ನನಗೆ ಸೊಕ್ಕು ಕಾಣಲಿಲ್ಲ. ನೀನು ಮರ್ಯಾದೆ ಎಂದು ಮರೆಯಲ್ಲಿ ನಿಂತೆ. ಅವನಿಗೆ ಅದು ತಾತ್ಸಾರವಾಗಿ ಕಂಡಿತು.

ಗಿರಣಿಯಲ್ಲಿ ನಾನು ಮುಕದ್ದಮನಾಗಿ ಆಳುಗಳನ್ನು ನೋಡಿಕೊಳ್ಳುವ ಮಗ್ಗದ ಖಾತೆಯ ಸಂಗತಿ ಹೇಳುತ್ತೇನೆ ಕೇಳು. ಬೆಳಗಿನ ಹೊತ್ತು ಮೇಲಿನ ಗಾಜಿನಿಂದ ಬಿಸಿಲು ಇಳಿದಾಗ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಮಗ್ಗಗಳು ಏಳುತ್ತವೆ, ಬೀಳುತ್ತವೆ, ಲಾಳಿ ಅತ್ತಿತ್ತ ಹಾರುತ್ತದೆ. ರೋಜಾ ಓಣಿಯವರು, ಮೋಮಿನಪುರದವರು, ಹಳ್ಳಿಯಿಂದ ಬಂದವರು, ಎಲ್ಲರ ತುಟಿಗಳೂ ಮೆಲ್ಲಗೆ ಅಲುಗುತ್ತಿರುತ್ತವೆ. ಮೊದಮೊದಲು ಆ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಈಗ ಸಾಲುಗಳ ನಡುವೆ ನಡೆದರೆ ಕೆರೆಯ ನೀರಿನೊಳಗೆ ನಡೆದಂತೆ ಇರುತ್ತದೆ, ಎಲ್ಲ ಹಗುರ, ಎಲ್ಲ ದೂರ. ಒಮ್ಮೊಮ್ಮೆ ಅಲ್ಲೇ ನಿಂತು ನಿಮ್ಮ ತೋಟದ ಕೆಂಪು ಬಾಳೆಯ ಸಾಲು ಕಾಣುತ್ತೇನೆ, ಅದರ ನಡುವೆ ನೀನು ಚಿಕ್ಕವಳಾಗಿ ಓಡುತ್ತಿರುತ್ತೀ. ಚಿಕ್ಕವಳಿದ್ದಾಗ ನೀನು ಕಮಲಾಪುರ ಕಂಡವಳೇ ಅಲ್ಲ. ಕನಸಿಗೆ ಯಾರು ಲೆಕ್ಕ ಕೇಳುತ್ತಾರೆ.

ನೂಲು ಸುತ್ತುವವರಲ್ಲಿ ಇಕ್ಬಾಲ್ ಬೇಗಂ ಎಂಬ ಹೆಣ್ಣುಮಗಳಿದ್ದಾಳೆ, ಮೋಮಿನಪುರದವಳು. ಎಳೆ ಮೂಗಿಗೆ ಹೋಗದಂತೆ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ. ಅವಳು ಮಾತ್ರ ನನ್ನ ಹತ್ತಿರ ಮಾತಿದ್ದರೆ ಮುಂದೆ ಬಂದು, ಬಟ್ಟೆ ಇಳಿಸಿ, ನಿಧಾನ ಹೇಳುತ್ತಾಳೆ. ನಾನು ಕೈಕೆಲಸ ಬಿಟ್ಟು ಅವಳ ಮುಖ ನೋಡಿ ಕೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕುವುದಿಲ್ಲ. ಅವಳನ್ನು ನೋಡಿ ಉಳಿದವರೂ ಕಲಿತರು, ಈಗ ನಮ್ಮ ಖಾತೆಗೆ ಅದೇ ರೂಢಿ. "ಮುಕದ್ದಮ್ ಸಾಬ್, ಬಾಕಿ ಮಂದಿ ನಮ್ಮ ಹಾಜ್ರಿ ಕೇಳ್ತಾರ, ನೀವು ನಮ್ಮ ಮಾತ ಕೇಳ್ತೀರಿ" ಎಂದು ಒಮ್ಮೆ ಹೇಳಿದಳು. ಬೇರೆ ಖಾತೆಗಳಲ್ಲಿ ಜಗಳ, ಹರತಾಳ. ನಮ್ಮಲ್ಲಿ ಇಲ್ಲ. ನನ್ನ ವಿದ್ಯೆ ಇಷ್ಟೇ ಯವ್ವಾ, ಇದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲ.

ಆಳಾಗಬಲ್ಲವನು ಅರಸನಾಗಬಲ್ಲ ಎಂದು ಗಾದೆ ಮಾಡಿದವರು, ಅರಸನಾದ ಮೇಲೂ ಆಳಿನ ಮುಖ ನೋಡು ಎಂದು ಸೇರಿಸುವುದನ್ನು ಮರೆತರು. ತುಕಾರಾಮನನ್ನು ಎತ್ತು ಮೇಯಿಸಲು ಕಳಿಸು. ನೀನೇ ಪೀರಪ್ಪನ ಮನೆಗೆ ಹೋಗಿ ಎದುರಿಗೆ ನಿಲ್ಲು. ಊರು ಏನಂದೀತು ಎನ್ನಬೇಡ. ಸೆರಗು ತಲೆಯ ಮೇಲಿರಲಿ, ಬಾಯಿಯ ಮೇಲೆ ಬೇಡ. ಹುಕುಂ ಕೊಡಬೇಡ, ಒಂದು ಮಾತು ಕೇಳು. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರು. ಆ ಸುಮ್ಮನಿರುವುದೇ ಕಷ್ಟ, ನಿನ್ನ ಬಾಯಿ ನನಗೆ ಗೊತ್ತಿಲ್ಲವೇ.

ನಿನ್ನ ಅಪ್ಪ,
ಕಾಶಿರಾಯ

*

ಕಲಬುರ್ಗಿ
ಕಾರ್ತಿಕ ಶುದ್ಧ ಬಿದಿಗೆ

ಚಿ. ಸೌ. ದುಂಡಮ್ಮನಿಗೆ ಅಪ್ಪನ ತುಂಬು ಮನಸ್ಸಿನ ಹರಕೆ.

ನಿನ್ನ ಕಾಗದಕ್ಕಿಂತ ಮೊದಲು ನಿನ್ನ ಗಾಡಿಗಳೇ ಬಂದವು. ಹಬ್ಬಕ್ಕೆ ಮುಂಚೆಯೇ ಗೊನೆಗಳನ್ನು ಬಜಾರಿನಲ್ಲಿ ಇಳಿಸಿ ಪೀರಪ್ಪ ನೆಟ್ಟಗೆ ನಮ್ಮ ಮನೆಗೆ ಬಂದ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹೆಗಲ ಮೇಲೆ ಇಟ್ಟುಕೊಂಡು. ನಿನ್ನವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ನನ್ನ ಎದುರಿಗೇ ಕುಳಿತು ಎಲ್ಲ ಹೇಳಿದ.

"ನಿಮ್ಮ ಮಗಳು ಬಂದ್ಳರೀ. ನಾ ಮಾರಿ ಹೊಳ್ಳಿಸಿದೆ. ಆಕಿ ಹೋಗಲಿಲ್ಲ. ನಮ್ಮಾಕಿ ಹಣಮಮ್ಮ ಕೂಡು ಅಂದ್ರೂ ಕೂಡಲಿಲ್ಲ. ಮಾಮಾ, ಯಾವ ಗೊನಿ ಮೊದ್ಲ ಕಡೀಬೇಕು, ನನಗ ತಿಳೀಲಾರದು, ಹೇಳ್ರಿ, ಅಂದ್ಳು. ಅಂದು ಸುಮ್ಮ ನಿಂತ್ಳು. ಬಿಸಲಾಗ ಎಷ್ಟೊತ್ತು ನಿಂತ್ಳೋ. ಕಡೀಕ ನನಗೇ ನಾಚಿಕಿ ಬಂತು."

ಕುಡುಗೋಲು ಹುಡುಕಿಕೊಂಡು ಅವನು ನಿನ್ನ ಹಿಂದೆ ಬಂದನಂತೆ, ಅವನ ಹಿಂದೆ ಉಳಿದವರು. ನಿನ್ನ ಭಾವ ಗಾಡಿ ಹೊರಡುವುದನ್ನು ನೋಡುತ್ತ ನಿಂತಿದ್ದ, ಲಾವಣಿಯ ಮಾತೆತ್ತಲಿಲ್ಲವಂತೆ. ಬಾಳೆಹಣ್ಣು ಬಾಯಿಗಿಟ್ಟಾಗ ನನ್ನ ಕಣ್ಣು ತುಂಬಿ ಬಂತು. ಹಣ್ಣು ಬಹಳ ಸಿಹಿಯಾಗಿತ್ತು.

ಏಳುವಾಗ ಪೀರಪ್ಪ ಇನ್ನೊಂದು ಮಾತು ಹೇಳಿದ. "ಮುಕದ್ದಮರೇ, ಆಕಿ ನಮ್ಮೂರಿಗಿ ಸೊಸಿಯಾಗಿ ನಡೀಲಿಕ್ಕ ಬಂದು ಇಷ್ಟು ವರ್ಷಾಯ್ತು, ಆಕಿ ಧ್ವನಿ ನಾ ಕೇಳೇ ಇರಲಿಲ್ಲ. ಎಷ್ಟ ಛಲೋ ಧ್ವನಿ ಅದ ರೀ. ನೀವು ಪುಣ್ಯವಂತರು."

ನಮ್ಮ ಕಡೆಯ ಸುದ್ದಿ ಒಂದಿದೆ. ಮ್ಯಾನೇಜರ್ ಸಾಹೇಬರು ನನ್ನನ್ನು ಎಲ್ಲ ಖಾತೆಗಳ ಮೇಲಿನ ಮುಕದ್ದಮನನ್ನಾಗಿ ಮಾಡುತ್ತೇನೆ ಎಂದರು. ಆಫೀಸಿನಲ್ಲಿ ಕುರ್ಚಿ, ಮೇಜಿನ ಮೇಲೆ ಟೆಲಿಫೋನ್. ನಾನು ಒಲ್ಲೆ ಎಂದೆ. ಸಾಹೇಬರು ಇದನ್ನು ದೊಡ್ಡತನ ಎಂದು ತಿಳಿದರು. "ಬಂದ ಲಕ್ಷ್ಮೀನ ಬಾಗಲದಾಗಿಂದ ಕಳಸ್ಯಾರ ನಿಮ್ಮಪ್ಪ" ಎಂದು ನಿನ್ನವ್ವ ಮಂದಿಯ ಮುಂದೆ ಬೈದಳು, ಒಳಗೆ ಹೋಗಿ ಅತ್ತಳು.

ತೋಟ ನಿನ್ನ ಕೈಯಲ್ಲೇ ಹಸಿರಾಗಿರಲಿ. ನಿನ್ನ ಆಳುಗಳು ನಿನ್ನನ್ನು ನಮ್ಮವಳು ಎನ್ನಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ಕಾಶಿರಾಯ

ತಾ.ಕ.: ನಿನ್ನ ಎರಡನೆಯ ಪ್ರಶ್ನೆ ಉಳಿದಿದೆ. ನನಗೆ ಕಿವಿ ಕೇಳಿಸುವುದಿಲ್ಲ, ಮಗಳೇ. ಮಗ್ಗಗಳು ಸ್ವಲ್ಪ ಸ್ವಲ್ಪವಾಗಿ ಒಯ್ದುಬಿಟ್ಟವು. ನಿನ್ನವ್ವನಿಗೆ ಗೊತ್ತು. ಇಕ್ಬಾಲ್ ಬೇಗಂಗೆ ನನಗಿಂತ ಮೊದಲೇ ಗೊತ್ತಾಗಿತ್ತು, ಅದಕ್ಕೇ ಬಟ್ಟೆ ಇಳಿಸಿದಳು. ಮಂದಿ ಕೊಂಡಾಡುವ ನನ್ನ ಕೇಳುವಿಕೆಯೆಲ್ಲ ಕಣ್ಣಿನದು. ಪಂಚಮಿಗೆ ಬಂದು ಹೊರಟ ದಿನ ನೀನು ಕರೆದದ್ದು ನಿನ್ನ ಕಾಗದ ಓದಿದಾಗಲೇ ನನಗೆ ತಿಳಿಯಿತು. ಗಾಡಿ ಹೋಯಿತೆಂದು ನಾನು ಬೇವಿನ ಗಿಡ ನೋಡುತ್ತ ನಿಂತಿದ್ದೆ. ಪೀರಪ್ಪ ನಿನ್ನ ಧ್ವನಿ ಹೊಗಳುವಾಗ ಅವನ ತುಟಿಗಳನ್ನೇ ನೋಡುತ್ತ ಕುಳಿತೆ. ನನಗೆ ನೆನಪಿರುವುದು ನೀನು ಇದ್ದಿಲು ಹಿಡಿದು ಅ ಆ ಕೂಗುತ್ತಿದ್ದ ಧ್ವನಿ ಮಾತ್ರ. ಮುಂದಿನ ಸಲ ಬಂದಾಗ ಹಿಂದಿನಿಂದ ಕರೆಯಬೇಡ. ಎದುರಿಗೆ ಬಂದು ನಿಂತು, ಸೆರಗು ಸರಿಸಿ, ಒಮ್ಮೆ ನಿಧಾನವಾಗಿ ಅಪ್ಪಾ ಎನ್ನು. ನಾನು ನೋಡುತ್ತೇನೆ.